ರತ್ನಮ್ಮನ ಹಿಮೋಗ್ಲೋಬಿನ್ನು ಮತ್ತು ಜಪಾನಿನ ಹಸಿರು ಪುಡಿ

ನಾನು ಈಗ ಹೇಳುವುದನ್ನು ನಂಬದೆ ಇರಿ, ನೋಡೋಣ. ರೇಷ್ಮೆ ಹುಳು ತಿನ್ನುವ ಸೊಪ್ಪನ್ನು ಬಿಸಿನೀರಲ್ಲಿ ಕಲಸಿ, ಪಿಂಗಾಣಿ ಬಟ್ಟಲಲ್ಲಿ ಹಾಕಿ ಒಬ್ಬ ಮನುಷ್ಯನ ಕೈಗೆ ಕೊಟ್ಟೆ. ಆತ ಕಣ್ಣು ಮುಚ್ಚಿ ಮೂರು ಗುಟುಕು ಕುಡಿದು, ಇದು ಜಪಾನಿನ ಬೆಟ್ಟದ ಮೊದಲ ಚಿಗುರು ಎಂದು ಸರ್ಟಿಫಿಕೇಟ್ ಕೊಟ್ಟ. ಪಾಂಡವಪುರದಲ್ಲಿ, ಹಗಲು ಹನ್ನೊಂದು ಗಂಟೆಗೆ, ಇಬ್ಬರು ಸಾಕ್ಷಿಗಳ ಎದುರು ನಡೆದದ್ದು. ನಂಬದವರು ಬಂದು ಕೇಳಬಹುದು. ಬಟ್ಟಲು ಈಗಲೂ ನನ್ನ ಹತ್ತಿರವೇ ಇದೆ. ಈ ಬರಹದಲ್ಲಿ ಒಂದೇ ಒಂದು ಸಂಗತಿಯನ್ನು ನಾನು ಕಟ್ಟಿ ಹೇಳಿದ್ದೇನೆ. ಅದು ಯಾವುದೆಂದು ಕೊನೆಯಲ್ಲಿ ನಾನೇ ಒಪ್ಪಿಕೊಳ್ಳುತ್ತೇನೆ. ರೇಷ್ಮೆ ಸೊಪ್ಪಿನದಂತೂ ಅಲ್ಲ.

ನನ್ನ ಹೆಸರು ಪುಟ್ಟಸ್ವಾಮಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವನು. ಶ್ರೀರಂಗಪಟ್ಟಣದಲ್ಲಿ ಶುರು, ಆಮೇಲೆ ಕೆ.ಆರ್. ಪೇಟೆ, ನಾಗಮಂಗಲ, ಕೊನೆಗೆ ಪಾಂಡವಪುರ. ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಬೆರಳು ಚುಚ್ಚದ ಮನೆ ಇದ್ದರೆ ಅದು ಬೀಗ ಹಾಕಿದ ಮನೆ. ಕೆಲಸದ ಜೊತೆಗೆ ಕೀಟಲೆಯನ್ನೂ ಅಷ್ಟೇ ನಿಷ್ಠೆಯಿಂದ ಮಾಡಿದ್ದೇನೆ. ನಾಗಮಂಗಲದಲ್ಲಿ ಒಬ್ಬ ಪೈಲ್ವಾನ ಸೂಜಿ ಕಂಡರೆ ಕುರ್ಚಿ ಸಮೇತ ಹಿಂದೆ ಸರಿಯುತ್ತಿದ್ದ. ಅವನಿಗೆ, "ನಿಮ್ಮದು ಸಾವಿರಕ್ಕೊಬ್ಬರಿಗೆ ಇರೋ ರಾಜರ ರಕ್ತ, ಕೊಡದೇ ಇದ್ದರೆ ದೇಶಕ್ಕೆ ನಷ್ಟ" ಎಂದು ಹೇಳಿ ರಕ್ತ ತೆಗೆದುಕೊಂಡೆ. ಆತ ಒಂದು ತಿಂಗಳು ಮೀಸೆ ತಿರುವಿಕೊಂಡು ಓಡಾಡಿದ. ಅವನದು ಓ ಪಾಸಿಟಿವ್. ನಮ್ಮ ಆಸ್ಪತ್ರೆಯ ಜವಾನನದ್ದೂ, ನನ್ನದೂ, ಆ ಪೈಲ್ವಾನನ ಹೆಂಡತಿಯದೂ ಅದೇ.

ಇನ್ನೊಂದು ವಿದ್ಯೆಯನ್ನೂ ಹೇಳಿಬಿಡುತ್ತೇನೆ. ಹಿಮೋಗ್ಲೋಬಿನ್ ಎಂದರೆ ರಕ್ತಕ್ಕೆ ಕೆಂಪು ಕೊಟ್ಟು ಮೈಗೆಲ್ಲ ಪ್ರಾಣವಾಯು ಹೊರುವ ವಸ್ತು. ಅದಕ್ಕೆ ಕಬ್ಬಿಣದ ಅಂಶ ಬೇಕು. ಹೆಂಗಸರಿಗೆ ನೂರು ಎಂ.ಎಲ್. ರಕ್ತಕ್ಕೆ ಹನ್ನೆರಡು ಗ್ರಾಂ ಇರಬೇಕು. ಈಗ ಯಂತ್ರ ಒಂದು ನಿಮಿಷದಲ್ಲಿ ಅಚ್ಚು ಹಾಕಿ ಕೊಡುತ್ತದೆ. ನಮ್ಮ ಕಾಲದಲ್ಲಿ ರಕ್ತಕ್ಕೆ ಆಸಿಡ್ ಸೇರಿಸಿ, ಕಂದು ಗಾಜಿನ ಬಣ್ಣಕ್ಕೆ ಹೋಲಿಸಿ, ಕಣ್ಣಳತೆಯಲ್ಲೇ ಓದಬೇಕಿತ್ತು. ಹಾಗೆ ಪಳಗಿದ ಈ ಕಣ್ಣು ಮನುಷ್ಯರ ಕೆಳರೆಪ್ಪೆ ಎಳೆದು ನೋಡಿದರೆ ಅರ್ಧ ಗ್ರಾಂ ಆಚೀಚೆಯಲ್ಲಿ ಸಂಖ್ಯೆ ಹೇಳುತ್ತದೆ. ಯಂತ್ರಕ್ಕೂ ನನಗೂ ವ್ಯತ್ಯಾಸ ಬಂದರೆ ನಾನು ಯಂತ್ರವನ್ನು ಒರೆಸಿ ಮತ್ತೊಮ್ಮೆ ಹಾಕುತ್ತೇನೆ.

ಈ ಪ್ರಕರಣ ನಡೆದದ್ದು ನಾನು ನಿವೃತ್ತನಾದ ನಾಲ್ಕನೆಯ ವರ್ಷ. ಆಗ ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಪರಿಚಯದವರ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ ಬೆಳಗಿನ ಹೊತ್ತು ಕೂರುತ್ತಿದ್ದೆ. ಪಕ್ಕದ ಅಂಗಡಿ ಸಲೀಂ ಭಾಯಿಯ ಟೀ ಅಂಗಡಿ. ಇಪ್ಪತ್ತು ವರ್ಷದಿಂದ ಅವನ ಟೀ ಕುಡಿಯುತ್ತಿದ್ದೇನೆ, ಇಪ್ಪತ್ತು ವರ್ಷದಿಂದ ಅವನನ್ನು ಬಯ್ಯುತ್ತಿದ್ದೇನೆ. ಟೀ ಪುಡಿಯನ್ನು ಪಾತ್ರೆಗೆ ತೋರಿಸಿ ವಾಪಸು ಡಬ್ಬಿಗೆ ಹಾಕುವ ಜಾತಿಯ ಮನುಷ್ಯ. "ಏನ್ ಭಾಯ್, ಇವತ್ತು ಬಿಸಿನೀರು ಚೆನ್ನಾಗೈತೆ" ಎಂದರೆ, "ನಿಮ್ಮ ಶುಗರ್ ನೋಡ್ಕೊಂಡು ಹಾಕಿದೀನಿ ಸಾರ್, ದುವಾ ಮಾಡಿ" ಎನ್ನುತ್ತಿದ್ದ.

ಶಿವರಾತ್ರಿ ಕಳೆದ ವಾರ ರತ್ನಮ್ಮ ಬಂದಳು. ವಯಸ್ಸು ನಲವತ್ತನಾಲ್ಕು. ತೊಣ್ಣೂರು ಕೆರೆಯ ಆಚೆಗಿನ ಒಂದು ಹಳ್ಳಿಯಲ್ಲಿ ಹೆಂಗಸರೇ ನಡೆಸುವ ಹಾಲಿನ ಡೈರಿಯಲ್ಲಿ ಟೆಸ್ಟರ್. ಅಂದರೆ ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಊರಿನವರು ತರುವ ಹಾಲಿಗೆ ನೀರು ಬೆರೆತಿದೆಯೇ ಇಲ್ಲವೇ ಎಂದು ಅಳೆದು ನೋಡುವವಳು. ಸ್ವಂತ ಅತ್ತೆಯ ಕ್ಯಾನನ್ನೇ ಒಮ್ಮೆ ವಾಪಸು ಕಳಿಸಿದ್ದಳಂತೆ. ಅದನ್ನು ಕೇಳಿದ ದಿನವೇ ಇವಳು ನಮ್ಮ ಕಸುಬಿನವಳು ಎಂದು ನನಗೆ ಗೌರವ ಬಂತು. ನನಗೆ ಹಾಗೆ ಸುಲಭಕ್ಕೆ ಯಾರ ಮೇಲೂ ಗೌರವ ಬರುವುದಿಲ್ಲ.

ಆದರೆ ಅವಳು ಕುರ್ಚಿಗೆ ಬಂದು ಕೂತದ್ದು ಗೋಡೆ ಹಿಡಿದುಕೊಂಡು. ಗರ್ಭಕೋಶದಲ್ಲಿ ಗೆಡ್ಡೆ. ಒಂದು ವರ್ಷದಿಂದ ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿತ್ತು. ಆಪರೇಷನ್ ಆಗಲೇಬೇಕು ಎಂದು ಮೈಸೂರಿನ ಡಾಕ್ಟರಮ್ಮ ಹೇಳಿದ್ದರು. ಆದರೆ ಅರಿವಳಿಕೆ ಕೊಡುವ ಡಾಕ್ಟರು, ಹಿಮೋಗ್ಲೋಬಿನ್ ಹತ್ತು ಮುಟ್ಟದೆ ಕೈ ಹಾಕುವುದಿಲ್ಲ ಎಂದಿದ್ದರು. ನಾನು ರೆಪ್ಪೆ ಎಳೆದು ನೋಡಿದೆ. ಸುಣ್ಣ ಬಳಿದ ಹಾಗಿತ್ತು. "ಏಳೂವರೆ" ಎಂದೆ. ಯಂತ್ರ 7.4 ಎಂದಿತು.

"ಸಾ, ನಮ್ಮಕ್ಕ ಇಂಗೇ ಸುಮ್ನೆ ಸುಮ್ನೆ ಓಡಾಡ್ತಾ ಇದ್ದೋಳು, ಒಂದಿನ ಕೊಟ್ಟಿಗೇಲಿ ಬಿದ್ದೋಳು ಏಳ್ನಿಲ್ಲ. ಅವ್ಳ್ಗೂ ಇದೇ ಗೆಡ್ಡೆ. ಬೇಗ ಹತ್ತು ಮಾಡ್ಕೊಡಿ" ಎಂದಳು, ಏನೋ ನನ್ನ ಬೀರುವಿನಲ್ಲಿ ಹತ್ತು ಇಟ್ಟುಕೊಂಡಿರುವ ಹಾಗೆ.

ದಿನಕ್ಕೆ ಎರಡು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ನಮ್ಮ ಕಡೆಯ ಜನಕ್ಕೆ ಒಂದು ಅಭ್ಯಾಸವಿದೆ: ಮಾತ್ರೆಯನ್ನು ನೀರಲ್ಲಿ ನುಂಗುವುದಿಲ್ಲ, ಟೀಯಲ್ಲಿ ನುಂಗುತ್ತಾರೆ. ನೀರಿನಲ್ಲಿ ನುಂಗಿದರೆ ಔಷಧಿ, ಟೀಯಲ್ಲಿ ನುಂಗಿದರೆ ಉಪಚಾರ. ಕಬ್ಬಿಣದ ಮಾತ್ರೆಗೆ ಇದು ನಾಶ. ಟೀ ಸೊಪ್ಪಿನ ಒಗರು ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ. ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳಲಾರದು. ಹಾಗಾಗಿ ಡಾಕ್ಟರಮ್ಮ, ಟೀ ಕಾಫಿ ಎರಡನ್ನೂ ಬಿಡಿ, ಮಾತ್ರೆಯನ್ನು ನಿಂಬೆ ಪಾನಕದಲ್ಲಿ ನುಂಗಿ ಎಂದು ಕಟ್ಟಪ್ಪಣೆ ಮಾಡಿದ್ದರು. ನಾನೂ ಅದನ್ನೇ ಹೇಳಿದೆ. ರತ್ನಮ್ಮ ಅಲ್ಲೇ ಪ್ರತಿಜ್ಞೆ ಮಾಡಿದಳು. ಸಲೀಂ ಭಾಯ್ ತಂದಿಟ್ಟ ಟೀಯನ್ನೂ ಮುಟ್ಟಲಿಲ್ಲ. "ಅದರಲ್ಲಿ ಟೀ ಇಲ್ಲ, ಕುಡಿಯವ್ವ" ಎಂದು ನಾನು ಹೇಳಿದರೂ ಕೇಳಲಿಲ್ಲ.

ಲೆಕ್ಕದ ಪ್ರಕಾರ ನಾಲ್ಕು ವಾರಕ್ಕೆ ಒಂದು ಗ್ರಾಂ ಆದರೂ ಏರಬೇಕು. ಯುಗಾದಿ ಆದ ಮೇಲೆ ಬಂದಳು: 7.5. ನಾನು ಯಂತ್ರವನ್ನು ಒರೆಸಿ ಮತ್ತೊಮ್ಮೆ ಹಾಕಿದೆ. 7.5.

"ಮಾತ್ರೆ ನುಂಗ್ತಾ ಇದೀಯೇನವ್ವ, ಇಲ್ಲಾ ಹಿತ್ತಲಿಗೆ ಎಸಿತಾ ಇದೀಯಾ?"

"ಅಯ್, ನಾನ್ಯಾಕ್ ಸುಳ್ಳೇಳ್ಲಿ ಸಾ? ಎರಡೊತ್ತೂ ನುಂಗ್ತಾವ್ನಿ."

ನಮ್ಮ ಕಸುಬಿನಲ್ಲಿ ಬಾಯಿ ಮಾತನ್ನು ನಂಬುವುದಿಲ್ಲ. "ಕಕ್ಕಸ್ಸು ಯಾವ ಬಣ್ಣ?" ಎಂದು ಕೇಳಿದೆ. ಕಬ್ಬಿಣದ ಮಾತ್ರೆ ನುಂಗುವವರಿಗೆ ಅದು ಕಪ್ಪಗಾಗುತ್ತದೆ. ರತ್ನಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು, "ಕಾಡಿಗೆ ಇದ್ದಂಗೆ ಸಾ" ಎಂದಳು. ಹಾಗಾದರೆ ಮಾತ್ರೆ ಒಳಗೆ ಹೋಗುತ್ತಿದೆ. "ಟೀ?" "ಬುಟ್ಟಿವ್ನಿ." "ಕಾಫಿ?" "ಮೂಸೂ ನೋಡಿಲ್ಲ." ಎಲ್ಲವೂ ನಿಜ. ಒಂದು ಮಾತೂ ಸುಳ್ಳಿಲ್ಲ. ಆಮೇಲೆ ತಾನಾಗಿಯೇ ಹೇಳಿದಳು: "ಟೀ ಬುಟ್ಟ ಮ್ಯಾಕೆ ತಲೆ ಸಿಡ್ದು ಓಯ್ತಿತ್ತು ಸಾ. ನಮ್ ತಂಗಿ ಗಂಡ ನಾಗೇಶ ಒಂದು ಹಸ್ರು ಪುಡಿ ತಂದ್ಕೊಟ್ಟ. ಜಪಾನ್ದು. ಎರಡೇ ದಿನಕ್ಕೆ ತಲೆನೋವು ಮಂಗಮಾಯ!"

ನಾಗೇಶನನ್ನು ನಾನು ಬಲ್ಲೆ. ಮೊದಲು ಬೆಳ್ಳೂರು ಕ್ರಾಸಿನಲ್ಲಿ ಪಂಪ್‌ಸೆಟ್ ಮೋಟರ್ ಮಾರುತ್ತಿದ್ದ. ಅವನು ಮಾರಿದ ಮೋಟರು ನೀರು ಎತ್ತುವುದನ್ನು ಬಿಟ್ಟು ಮಿಕ್ಕ ಎಲ್ಲ ಶಬ್ದವನ್ನೂ ಮಾಡುತ್ತಿತ್ತು. ಆ ವ್ಯಾಪಾರ ಕೂತ ಮೇಲೆ ಹಸಿರು ಟೀ ಶರ್ಟು ಹಾಕಿಕೊಂಡು ವೆಲ್‌ನೆಸ್ ಕೋಚ್ ಆದ. ವೆಲ್‌ನೆಸ್ ಕೋಚ್ ಎಂದರೆ ಏನು ಎಂದು ಕೇಳಬೇಡಿ. ಕಂಪೌಂಡರ್ ಆಗಲು ಓದಬೇಕು, ಪೂಜಾರಿಯಾಗಲು ಮಂತ್ರ ಬೇಕು, ಇದಕ್ಕೆ ಶರ್ಟು ಸಾಕು. ದಿನಾ ಬೆಳಿಗ್ಗೆ ಒಂದು ಛತ್ರದಲ್ಲಿ ಹತ್ತಿಪ್ಪತ್ತು ಜನರನ್ನು ಕೂರಿಸಿಕೊಂಡು, ಬಿದಿರಿನ ಕುಂಚದಲ್ಲಿ ಹಸಿರು ನೊರೆ ಎಬ್ಬಿಸಿ ಕುಡಿಸುತ್ತಿದ್ದ. ಅದರ ಹೆಸರು ಮಚ್ಚಾ. ಅದು ಶುಗರ್ ಇಳಿಸುತ್ತದೆ, ಬಿಪಿ ಇಳಿಸುತ್ತದೆ, ಹೊಟ್ಟೆ ಇಳಿಸುತ್ತದೆ, ವಯಸ್ಸು ಇಳಿಸುತ್ತದೆ, ಕೂದಲನ್ನು ಮಾತ್ರ ಏರಿಸುತ್ತದೆ. ನಾಗೇಶನ ತಲೆಯಲ್ಲಿ ಏರಿದ್ದು ನಾನು ಕಾಣೆ.

ನಾನು ನಕ್ಕೆ. ಪುಡಿಯ ಡಬ್ಬಿಯನ್ನು ತರಿಸಿ ನೋಡಲೂ ಇಲ್ಲ. "ಹುಲ್ಲಿನ ಪುಡಿ ಕಣವ್ವ. ನಿಮ್ಮ ಎಮ್ಮೆ ದಿನಾ ತಿಂತದೆ, ಸತ್ತದ್ದು ನೋಡಿದೀಯಾ? ಕುಡಿ, ಕುಡಿ. ನಾಗೇಶನ ಮಕ್ಕಳ ಹೊಟ್ಟೆ ತಂಪಾಗಿರಲಿ" ಎಂದು ಕಳಿಸಿಬಿಟ್ಟೆ.

ಇನ್ನೂ ನಾಲ್ಕು ವಾರ ಹೋಯಿತು. ಏಪ್ರಿಲ್ ಕೊನೆ, ಬಿಸಿಲು ಸುಡುತ್ತಿತ್ತು. ರತ್ನಮ್ಮನನ್ನು ಅವಳ ಗಂಡ ಬೈಕಿನ ಹಿಂದೆ ಟವಲಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ತಂದು ಬಿಟ್ಟು, ಔಷಧಿ ಅಂಗಡಿಗೆ ಹೋದ. ಹಿಂದಿನ ದಿನ ಅವಳು ಡೈರಿಯಲ್ಲಿ ಹಾಲಿನ ಕ್ಯಾನಿನ ಮೇಲೆಯೇ ಕುಸಿದಿದ್ದಳಂತೆ. ನಾನು ರೆಪ್ಪೆ ಎಳೆದು ನೋಡಿದೆ, ಸಂಖ್ಯೆ ಬಾಯಿಗೆ ಬಂತು, ಹೇಳಲಿಲ್ಲ. ಯಂತ್ರ 7.1 ಎಂದು ಅಚ್ಚು ಹಾಕಿತು.

ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದು ಚಿಕ್ಕದಾಗಿತ್ತು: ಏಳಕ್ಕಿಂತ ಕೆಳಗೆ ಹೋದರೆ ತಡ ಮಾಡುವ ಹಾಗಿಲ್ಲ, ತಂದು ಸೇರಿಸಿ ರಕ್ತ ಏರಿಸಬೇಕು, ಅದಕ್ಕೂ ಮುಂಚೆ ಈ ಮಾತ್ರೆ ಯಾಕೆ ಹತ್ತುತ್ತಿಲ್ಲ ಎಂದು ತಿಳಿಯಬೇಕು, ಇಲ್ಲದಿದ್ದರೆ ಏರಿಸಿದ್ದೂ ನಿಲ್ಲುವುದಿಲ್ಲ. ಮೊದಲ ಬಾರಿಗೆ ನನಗೆ ಆ ಕೊಟ್ಟಿಗೆಯಲ್ಲಿ ಬಿದ್ದ ಅಕ್ಕನ ನೆನಪಾಯಿತು.

"ಮಾತ್ರೆ ಹೆಂಗೆ ನುಂಗ್ತೀಯ, ಮೊದಲಿಂದ ಕೊನೆ ತನಕ ಹೇಳು" ಎಂದೆ.

"ಡೈರಿ ಮುಗ್ಸ್‌ಕಂಡ್ ಬತ್ತೀನಿ. ರೊಟ್ಟಿ ತಿಂತೀನಿ. ಆ ಹಸ್ರು ಪುಡಿ ಕಲುಸ್ಕತೀನಿ. ಅದ್ರಾಗೇ ಮಾತ್ರೆ ಹಾಯ್ಕಂಡ್ ನುಂಗ್‌ಬುಡ್ತೀನಿ. ಸಂಜಿಗೂ ಅಂಗೇಯ."

"ನಿಂಬೆ ಪಾನಕ?"

"ಪಾನಕಕ್ಕಿಂತ ಇದೇ ಬಲ ಅಂದ ನಾಗೇಶ. ಇದು ಕುಡುದ್ರೆ ಮೈಗೆ ಒಂಥರಾ ಉಸಾರು ಬತ್ತದೆ ಸಾ."

ಡಬ್ಬಿ ಅವಳ ಬ್ಯಾಗಿನಲ್ಲೇ ಇತ್ತು. ಮುಚ್ಚಳ ತೆಗೆಸಿದೆ. ಒಂದು ಚಿಟಿಕೆ ನಾಲಿಗೆಯ ತುದಿಗೆ ಇಟ್ಟುಕೊಂಡೆ. ಸಲೀಂ ಭಾಯ್ ಆಗ ಖಾಲಿ ಲೋಟ ತೆಗೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿದ್ದ. ರುಚಿ ಹೇಗಿತ್ತು ಎಂದರೆ, ಕೊಯ್ದ ಹುಲ್ಲಿನ ಮೇಲೆ ಯಾರೋ ಮೀನು ತೊಳೆದ ನೀರು ಚಿಮುಕಿಸಿ ಒಣಗಿಸಿದ ಹಾಗೆ. ಅದರ ಹಿಂದೆಯೇ, ನಾಲಿಗೆಯ ಅಂಚಿನಲ್ಲಿ, ಒಂದು ಒಗರು. ಮೂವತ್ತನಾಲ್ಕು ವರ್ಷ ಬಣ್ಣ, ವಾಸನೆ, ರುಚಿಗಳ ಜೊತೆ ಬದುಕಿದ ನಾಲಿಗೆ ಇದು, ಕ್ಷಣದಲ್ಲಿ ಹಿಡಿಯಿತು. ಟೀ! ಹಾಲಿಲ್ಲದ, ಸಕ್ಕರೆಯಿಲ್ಲದ, ಬಾಡಿಸಿ ಕಪ್ಪು ಮಾಡದ ಟೀ. ಅದೂ ಸೋಸಿ ಬಿಸಾಡುವ ಟೀ ಅಲ್ಲ, ಇಡೀ ಸೊಪ್ಪನ್ನೇ ಬೀಸಿ ಪುಡಿ ಮಾಡಿ ಹೊಟ್ಟೆಗೆ ಇಳಿಸುವ ಟೀ. ಟೀ ಬಿಟ್ಟೆ ಎಂದು ಪ್ರತಿಜ್ಞೆ ಮಾಡಿದ ಹೆಂಗಸು ಎರಡು ತಿಂಗಳಿಂದ, ದಿನಕ್ಕೆ ಎರಡು ಸಲ, ಟೀಯಲ್ಲೇ ಕಬ್ಬಿಣದ ಮಾತ್ರೆ ನುಂಗುತ್ತಿದ್ದಳು. ತಲೆನೋವು ಹೋದದ್ದು ಯಾಕೆ, ಉಸಾರು ಬಂದದ್ದು ಯಾಕೆ ಎಂಬುದೂ ಗೊತ್ತಾಯಿತು: ಟೀಯಲ್ಲಿರುವ ಕೆಫೀನ್. ಟೀ ಇಲ್ಲದೆ ಬಂದ ತಲೆನೋವಿಗೆ ಟೀ ಕುಡಿಸಿ, ಅದನ್ನೇ ಪವಾಡ ಎಂದು ಮಾರಿದ್ದ ನಾಗೇಶ.

"ರತ್ನಮ್ಮ, ಇದು ಟೀ ಕಣವ್ವ" ಎಂದೆ.

"ಸುಮ್ನಿರಿ ಸಾ, ತಮಾಸೆ ಮಾಡ್‌ಬ್ಯಾಡಿ" ಎಂದಳು.

ಇಷ್ಟು ವರ್ಷದ ಕೀಟಲೆಗೆ ಸಿಕ್ಕ ಕೂಲಿ ಅದು. ಸಾಯುವ ವಿಷಯ ಹೇಳಿದರೂ ಪುಟ್ಟಸ್ವಾಮಿ ಆಟ ಆಡಿಸುತ್ತಿದ್ದಾನೆ ಎನ್ನುವ ಹಾಗಾಗಿತ್ತು. "ಟೀ ಕೆಂಪಗಿರ್ತದೆ, ಇದು ಹಸ್ರಗೈತೆ. ನಾನೇನ್ ಕಂಡಿಲ್ವ ಟೀಯ? ನಾಗೇಶ ನಂಗೆ ಇಸ ಕೊಟ್ಟಾನಾ? ನಮ್ ತಂಗಿ ಗಂಡ ಸಾ ಅವ್ನು" ಎಂದು ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು. ನಾಲ್ಕು ವಾರದ ಹಿಂದೆ ನಾನೇ ಕುಡಿ ಎಂದಿದ್ದೆ ಎನ್ನುವುದನ್ನೂ ನೆನಪಿಸಿದಳು. ಹೇಳಿ ನೋಡಿದೆ, ಬೈದು ನೋಡಿದೆ. ಆಗಲಿಲ್ಲ. ಕೊನೆಗೆ, "ನಾಳಿದ್ದು ಹನ್ನೊಂದಕ್ಕೆ ನಾಗೇಶನ್ನ ಕರ್ಕೊಂಡು ಬಾ. ಅವನೇ ಹೇಳಲಿ. ಅಲ್ಲೀ ತನಕ ಮಾತ್ರೆ ಬರೀ ನಿಂಬೆ ನೀರಲ್ಲಿ" ಎಂದು ಒಪ್ಪಿಸಿದೆ.

ಆ ಎರಡು ದಿನದಲ್ಲಿ ನಾನು ಮಾಡಿದ ಕೆಲಸಕ್ಕೆ ಸರ್ಕಾರ ನನಗೆ ಇನ್ನೊಂದು ಪೆನ್ಷನ್ ಕೊಡಬೇಕು. ಕೆ.ಆರ್. ಪೇಟೆ ಹತ್ತಿರ ನನ್ನ ಷಡ್ಡಕನ ಹಿಪ್ಪುನೇರಳೆ ತೋಟವಿದೆ. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪು. ಬಸ್ಸು ಹತ್ತಿ ಹೋಗಿ, ಹುಳುವಿಗೆ ಹಾಕಿ ಮಿಕ್ಕು, ತಟ್ಟೆಯ ಪಕ್ಕ ನೆರಳಲ್ಲಿ ಒಣಗಿದ್ದ ಸೊಪ್ಪನ್ನು ಒಂದು ಹಿಡಿ ತಂದೆ. ಮನೆಯ ಮಿಕ್ಸಿಯಲ್ಲಿ ಬೀಸಿ, ಹೆಂಡತಿಯ ಮೈದಾ ಜರಡಿಯಲ್ಲಿ ಎರಡು ಸಲ ಜಾಲಿಸಿದೆ. ಜರಡಿಯ ಬಗ್ಗೆ ಅವಳು ಆಡಿದ ಮಾತನ್ನು ಇಲ್ಲಿ ಬರೆಯಲಾಗುವುದಿಲ್ಲ. ಪುಡಿ ಮಾತ್ರ ಜಪಾನೇ ನಾಚುವ ಹಾಗೆ ಬಂತು.

ಹೇಳಿದ ದಿನ ನಾಗೇಶ ಬಂದ. ಹಸಿರು ಶರ್ಟು, ಎದೆಯ ಮೇಲೆ ಬ್ಯಾಡ್ಜು, ಕೈಯಲ್ಲಿ ಬಿದಿರಿನ ಕುಂಚ. ರತ್ನಮ್ಮ ಮೂಲೆಯ ಕುರ್ಚಿಯಲ್ಲಿ ಕೂತಳು. ಸಲೀಂ ಭಾಯ್ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಂದು ಬಾಗಿಲಿಗೆ ಒರಗಿದ.

"ಟೀ ಅಂತೀರಂತಲ್ಲ ಸಾ? ಮಚ್ಚಾ ಅನ್ನೋ ಗಿಡವೇ ಬೇರೆ. ಇದು ಸೂಪರ್ ಫುಡ್ಡು. ನಂಗೆ ಟ್ರೇನಿಂಗ್ ಆಗೈತೆ, ವಾಸ್ನೇಲೇ ಏಳ್‌ಬುಡ್ತೀನಿ" ಎಂದ ನಾಗೇಶ.

"ಹೌದಾ? ಹಂಗಾದ್ರೆ ನನ್ನ ತಪ್ಪೇ ಇರಬೇಕು ಕಣ್ಲಾ" ಎಂದು ಬಹಳ ವಿನಯದಿಂದ ಹೇಳಿದೆ. ನಾನು ವಿನಯದಿಂದ ಮಾತಾಡಿದಾಗ ನನ್ನನ್ನು ಬಲ್ಲವರು ಎದ್ದು ಹೋಗುತ್ತಾರೆ. ನಾಗೇಶ ಕೂತ. "ಬೆಂಗಳೂರಿಂದ ನನಗೊಬ್ಬರು ಬೇರೆ ಮಚ್ಚಾ ಕಳಿಸಿದಾರೆ. ನಿನ್ನದಕ್ಕಿಂತ ಮೇಲಿನ ದರ್ಜೆ ಅಂತಾರೆ. ನೀನು ತಿಳಿದೋನು, ಎರಡನ್ನೂ ಕುಡಿದು ಹೇಳು."

ಎರಡು ಪಿಂಗಾಣಿ ಬಟ್ಟಲು ಇಟ್ಟೆ. ಒಂದರಲ್ಲಿ ಅವನ ಡಬ್ಬಿಯ ಪುಡಿ, ಇನ್ನೊಂದರಲ್ಲಿ ಹುಳುವಿನ ಊಟ. ಅವನೇ ಕುಂಚ ತಿರುಗಿಸಿ ನೊರೆ ಎಬ್ಬಿಸಿದ. ಮೊದಲು ತನ್ನದನ್ನು ಕುಡಿದು, "ಇದು ನಾರ್ಮಲ್" ಎಂದ. ಎರಡನೆಯದನ್ನು ಮೂಗಿಗೆ ಹಿಡಿದು ಉಸಿರು ಎಳೆದುಕೊಂಡ. ಕಣ್ಣು ಮುಚ್ಚಿದ. ಮೂರು ಗುಟುಕು.

"ಸಾ! ಇದು... ಇದು ಫಸ್ಟ್ ಕ್ವಾಲಿಟಿ! ಜಪಾನ್ ಬೆಟ್ಟದ್ ಮೊದ್ಲ ಚಿಗುರು. ಬಾಯಾಗಿಟ್ರೆ ಎನರ್ಜಿ ಏರ್ತದೆ, ನಂಗೆ ಗೊತ್ತಾಯ್ತಾದೆ. ಇದು ಎಲ್ ಸಿಕ್ತದೆ ಸಾ?"

"ಕೆ.ಆರ್. ಪೇಟೇಲಿ. ನನ್ನ ಷಡ್ಡಕ ಅವನ ಹುಳಕ್ಕೆ ದಿನಕ್ಕೆ ನಾಲ್ಕು ಸಲ ಹಾಕ್ತಾನೆ. ಇನ್ನೊಂದು ವಾರ ಕುಡಿ, ಗೂಡು ಕಟ್ತೀಯ" ಎಂದೆ.

ಸಲೀಂ ಭಾಯ್ ನಕ್ಕದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿತು. "ಯಾ ಅಲ್ಲಾ, ಕೋಚ್ ಸಾಬ್ ರೇಷ್ಮೆ ಆಗ್ತಾರೆ!" ನಾಗೇಶನ ಮುಖ ಅವನ ಶರ್ಟಿನ ಬಣ್ಣಕ್ಕೆ ತಿರುಗಿತು. "ಏನ್ ಸಾ ಇಂಗ್ ಮಾಡುದ್ರಿ, ನೆಂಟ್ರ ಎದ್ರಿಗೆ" ಎಂದು ತಲೆ ತಗ್ಗಿಸಿದ.

ಆದರೆ ರತ್ನಮ್ಮ ನಗಲಿಲ್ಲ. "ಅವ್ನ್‌ಗೆ ತಿಳೀದು ಅಂತ ಗೊತ್ತಾಯ್ತು. ಅಷ್ಟಕ್ಕೆ ಇದು ಟೀ ಅಂತ ಎಂಗಾಯ್ತು?" ಎಂದು ಕೇಳಿದಳು. ಟೆಸ್ಟರ್ ಎಂದರೆ ಹೀಗಿರಬೇಕು. ಹಾಲು ತಂದವಳು ಕಳ್ಳಿ ಎಂದ ಮಾತ್ರಕ್ಕೆ ಹಾಲಲ್ಲಿ ನೀರಿದೆ ಎಂದು ಬರೆಯಲಾಗುವುದಿಲ್ಲ; ಅಳೆಯಬೇಕು.

"ಬಾರವ್ವ, ನೀನೇ ಅಳೆದು ನೋಡು" ಎಂದು ಅವಳ ಮುಂದೆ ನಾಲ್ಕು ಗಾಜಿನ ಟೆಸ್ಟ್ ಟ್ಯೂಬ್ ಇಟ್ಟೆ. ಅವಳದೇ ಕಬ್ಬಿಣದ ಮಾತ್ರೆಗಳು. ಮೇಲಿನ ಬಣ್ಣದ ಲೇಪ ಒರೆಸಿ, ಅರೆದು, ನೀರಲ್ಲಿ ಕದಡಿ, ನಾಲ್ಕಕ್ಕೂ ಸಮನಾಗಿ ಹಾಕಿದೆ. ಮುಂದಿನದೆಲ್ಲ ಅವಳ ಕೈ. ಮೊದಲನೆಯದಕ್ಕೆ ಬರೀ ನೀರು ಬಿಟ್ಟಳು. ಎರಡನೆಯದಕ್ಕೆ ನಿಂಬೆ ರಸ. ಮೂರನೆಯದಕ್ಕೆ ಸಲೀಂ ಭಾಯಿಯ ಹಾಲು ಹಾಕದ ಟೀ. ನಾಲ್ಕನೆಯದಕ್ಕೆ ಡಬ್ಬಿಯ ಹಸಿರು ಪುಡಿಯನ್ನು ಕಲಸಿ ಬಟ್ಟೆಯಲ್ಲಿ ಸೋಸಿದ ನೀರು. ಡೈರಿಯಲ್ಲಿ ಹಾಲು ಅಳೆಯುವ ಕೈ ಅದು; ಒಂದು ಹನಿ ಆಚೆ ಬೀಳಲಿಲ್ಲ.

ನೀರಿನದು ಹಾಗೇ ಇತ್ತು. ನಿಂಬೆಯದು ಹಾಗೇ ಇತ್ತು. ಸಲೀಂ ಭಾಯಿಯ ಟೀ ಬಿದ್ದದ್ದು ನೋಡುತ್ತಿದ್ದ ಹಾಗೆ ಕಪ್ಪಾಯಿತು. "ನೋಡಿ ಸಾರ್, ನನ್ನ ಚಾಯ್‌ನಲ್ಲಿ ಪತ್ತಿ ಇದೆ ಅಂತ ಇವತ್ತು ಪ್ರೂಫ್ ಆಯ್ತು" ಎಂದ ಅವನು. ಅವನ ಮಾತು ಮುಗಿಯುವ ಮೊದಲೇ ನಾಲ್ಕನೆಯದು ತಿರುಗಿತು. ಹಸಿರು ಕೊಳೆಯಾಗಿ, ಕೊಳೆ ನೇರಳೆಯಾಗಿ, ನೇರಳೆ ಮಸಿಯಾಗಿ. ಹಳೆ ಕಾಲದ ಸ್ಕೂಲಿನ ಇಂಕು ಬಾಟಲಿಯ ಬಣ್ಣ. ಹೊಟ್ಟೆಯೊಳಗೆ ನಡೆಯುವುದೆಲ್ಲ ಗಾಜಿನೊಳಗೆ ನಡೆದ ಹಾಗೇ ಇರುವುದಿಲ್ಲ, ಅದು ನಿಜ. ಆದರೆ ಒಗರು ಕಬ್ಬಿಣವನ್ನು ಹಿಡಿದುಕೊಳ್ಳುವುದು ಎರಡು ಕಡೆಯೂ ನಿಜ, ಮತ್ತು ಅದನ್ನು ಕಣ್ಣಿಗೆ ತೋರಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ರತ್ನಮ್ಮ ಆ ಎರಡು ಕಪ್ಪು ಟ್ಯೂಬನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಸಾ, ಎರಡು ತಿಂಗ್ಳಿಂದ ನನ್ ಹೊಟ್ಟೇಲಿ ಇದು ಆಯ್ತಿತ್ತಾ?"

"ಹೆಚ್ಚೂ ಕಡಿಮೆ ಇದೇ ಕಣವ್ವ" ಎಂದು ಡಬ್ಬಿಯನ್ನು ಅವಳ ಮುಂದಕ್ಕೆ ಸರಿಸಿದೆ.

ಅವಳು ಡಬ್ಬಿಯನ್ನು ಎತ್ತಿಕೊಂಡಳು. ಡಬ್ಬಿಯ ಹಿಂಬದಿಗೆ ನಾಗೇಶ ತನ್ನ ಫೋಟೋ ಇರುವ ಸ್ಟಿಕರ್ ಅಂಟಿಸಿದ್ದ, ಎರಡೂ ಕೈ ಮುಗಿದುಕೊಂಡು ನಗುತ್ತಿರುವ ಫೋಟೋ. ಅದರ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಸಿಪ್ಪೆ ಸುಲಿದ ಹಾಗೆ ಸುಲಿದಳು. ಕೆಳಗೆ ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರ. ಡೈರಿಯ ಚೀಟಿ ಓದಿ ಅಭ್ಯಾಸವಿದ್ದವಳು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು: "ಗ್ರೀನ್... ಟೀ... ಪೌಡರ್."

"ಅಕ್ಕಾ, ನಾನೂ ಅದ್ನ ಓದಿರ್ನಿಲ್ಲ ಕಣಕ್ಕ. ಕಂಪ್ನಿಯೋರು ಸೂಪರ್ ಫುಡ್ ಅನ್ನು ಅಂದ್ರು, ಅಂದೆ" ಎಂದ ನಾಗೇಶ. ಅವನ ಕಣ್ಣಲ್ಲಿ ನೀರಿತ್ತು. ಅವನು ಕಳ್ಳನಲ್ಲ, ಕಳ್ಳನಿಗೆ ತಾನು ಮಾರುವುದು ಏನೆಂದಾದರೂ ಗೊತ್ತಿರುತ್ತದೆ.

"ನಾಗೇಶಪ್ಪ, ನಮ್ ಡೈರಿಗೆ ನೀರ್ ಬೆರ್ಸಿ ತಂದೋರ್ಗೆ ನಾನ್ ಏನ್ ಮಾಡ್ತೀನಿ ಗೊತ್ತಲ್ಲ? ಬೈಯಾಕಿಲ್ಲ. ಅವ್ರ ಎದ್ರಿಗೇ ಚೆಲ್‌ಬುಡ್ತೀನಿ" ಎಂದವಳೇ ಎದ್ದು ಹೋಗಿ, ಡಬ್ಬಿಯನ್ನು ಸಿಂಕಿನಲ್ಲಿ ಬೋರಲು ಹಾಕಿ ನಲ್ಲಿ ತಿರುಗಿಸಿದಳು. ಮೂರು ದಿನ ನನ್ನ ಸಿಂಕು ಕೆರೆಯ ಪಾಚಿ ಹಿಡಿದ ಹಾಗಿತ್ತು.

ಅಲ್ಲಿಂದ ಮಾತ್ರೆಯೂ ನಿಂಬೆ ಪಾನಕವೂ ಮಾತ್ರ. ರಕ್ತ ಹೋಗುವುದು ಕಡಿಮೆಯಾಗಲು ಡಾಕ್ಟರಮ್ಮ ಬೇರೆ ಮಾತ್ರೆಯನ್ನೂ ಸೇರಿಸಿದರು. ಮೂರು ವಾರಕ್ಕೆ 8.2. ಆರು ವಾರಕ್ಕೆ 9.3. ಹತ್ತನೆಯ ವಾರ ನಾನು ರೆಪ್ಪೆ ಎಳೆದು "ಹತ್ತು" ಎಂದೆ, ಯಂತ್ರ 10.2 ಎಂದಿತು. ಅಷ್ಟು ಹೊತ್ತಿಗೆ ಆಷಾಢ ಬಂದಿತ್ತು. ಆಷಾಢದಲ್ಲಿ ಒಳ್ಳೆ ಕೆಲಸ ಮಾಡಬಾರದು ಎಂದು ಅವಳ ಅತ್ತೆ ಅಡ್ಡ ಬಂದರಂತೆ. "ಗೆಡ್ಡೆ ಆಷಾಢ ನೋಡ್ಕಂಡ್ ಬೆಳೀತದಾ ಅತ್ತೆ?" ಎಂದು ಕೇಳಿ ಆಸ್ಪತ್ರೆಗೆ ಹೊರಟಳು. ಆಪರೇಷನ್ ಆಯಿತು. ಈಗ ಬೆಳಿಗ್ಗೆ ಆರಕ್ಕೆ ಅವಳ ಡೈರಿಗೆ ನೀರು ಬೆರೆಸಿದ ಹಾಲು ತೆಗೆದುಕೊಂಡು ಹೋಗಿ ನೋಡಿ, ಅವಳು ಎಷ್ಟು ಗಟ್ಟಿಯಾಗಿದ್ದಾಳೆ ಎಂದು ತಿಳಿಯುತ್ತದೆ.

ಹಾಗಾದರೆ ಆ ಪುಡಿಯಲ್ಲಿ ಒಳ್ಳೆಯದು ಏನೂ ಇಲ್ಲವೇ ಎಂದು ಡಾಕ್ಟರಮ್ಮನನ್ನು ಕೇಳಿದೆ, ಇಲ್ಲ ಎನ್ನಲಿ ಎಂಬ ಆಸೆಯಿಂದ. ಅವರು ಹಾಗೆ ಹೇಳಲಿಲ್ಲ. ಅದರಲ್ಲಿ ಆಂಟಿಆಕ್ಸಿಡೆಂಟ್ ಎನ್ನುವ ಅಂಶಗಳು ಚೆನ್ನಾಗಿಯೇ ಇವೆ, ಹೃದಯಕ್ಕೂ ಶುಗರಿಗೂ ಅಷ್ಟಿಷ್ಟು ಉಪಯೋಗ ಇರಬಹುದು ಎಂದು ಅಧ್ಯಯನ ನಡೆಯುತ್ತಿದೆ, ಗಟ್ಟಿಮುಟ್ಟಾದವರು ದಿನಕ್ಕೆ ಒಂದು ಬಟ್ಟಲು ಕುಡಿದರೆ ತೊಂದರೆಯಿಲ್ಲ ಎಂದರು. ಔಷಧಿ ಎಂದು ಕುಡಿಯಬೇಡಿ, ರಕ್ತ ಕಡಿಮೆ ಇರುವವರು ಊಟಕ್ಕೂ ಕಬ್ಬಿಣದ ಮಾತ್ರೆಗೂ ಎರಡು ಗಂಟೆ ದೂರ ಇಡಿ, ಬೇರೆ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳಿ ಕುಡಿಯಿರಿ ಎಂದರು. ಇಷ್ಟನ್ನು ಹೇಳಲು ಛತ್ರ, ಕುಂಚ, ಶರ್ಟು ಯಾವುದೂ ಬೇಕಾಗಲಿಲ್ಲ.

ಕಸುಬು ನನಗೆ ಕಲಿಸಿದ ಪಾಠ ನಾಗೇಶನ ಬಗ್ಗೆ ಅಲ್ಲ. ಅಂಥವರು ಮೋಟರ್ ಮಾರುತ್ತಾರೆ, ಪುಡಿ ಮಾರುತ್ತಾರೆ, ನಾಳೆ ಇನ್ನೇನೋ. ಪಾಠ ನನ್ನ ನಗುವಿನ ಬಗ್ಗೆ. ಯುಗಾದಿ ಆದ ಮೇಲೆ ಬಂದ ದಿನವೇ ಡಬ್ಬಿ ಎಲ್ಲಿ, ತೋರಿಸು ಎಂದು ಕೇಳಿ ಆ ಸ್ಟಿಕರ್ ಕಿತ್ತು ಓದಿದ್ದರೆ, ರತ್ನಮ್ಮ ಹಾಲಿನ ಕ್ಯಾನಿನ ಮೇಲೆ ಬೀಳುತ್ತಿರಲಿಲ್ಲ. ನಂಬಿದವನು ಓದಲಿಲ್ಲ, ಸರಿ. ತಾತ್ಸಾರ ಮಾಡಿದವನೂ ಓದಲಿಲ್ಲ. ಹಾಲು ಕೆಟ್ಟದ್ದು ಎಂದು ಮೂಗು ಮುರಿಯುವುದು ಬೇರೆ, ಅಳೆದು ನೋಡುವುದು ಬೇರೆ.

ಇನ್ನು ಆ ಒಂದು ಕಟ್ಟುಮಾತು. ಚಿಟಿಕೆ ಪುಡಿಯನ್ನು ನಾಲಿಗೆಗಿಟ್ಟ ಕ್ಷಣವೇ ಟೀ ಎಂದು ಹಿಡಿದೆ ಎಂದು ಬರೆದೆನಲ್ಲ, ಅದು. ನಾಲಿಗೆಗೆ ಇಟ್ಟದ್ದು ನಿಜ, ಮೀನಿನ ನೀರೂ ನಿಜ. ಟೀ ಎಂದು ಮಾತ್ರ ಗೊತ್ತಾಗಲಿಲ್ಲ. "ಥೂ, ಅದೇ ಹುಲ್ಲು" ಎಂದು ಉಗಿದು ಡಬ್ಬಿಯನ್ನು ವಾಪಸು ಕೊಟ್ಟಿದ್ದೆ. ರತ್ನಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿದ್ದಳು. ಖಾಲಿ ಲೋಟ ಹಿಡಿದು ನಿಂತಿದ್ದ ಸಲೀಂ ಭಾಯ್ ಮೂಗು ಅರಳಿಸಿ, "ಅಮ್ಮಾ, ಒಂದು ನಿಮಿಷ ನಿಲ್ಲಿ. ಸಾರ್, ಇದು ಚಾಯ್ ಪತ್ತಿ ವಾಸನೆ. ನಲವತ್ತು ವರ್ಷದಿಂದ ಇದರಲ್ಲೇ ಸ್ನಾನ ಮಾಡ್ತಾ ಇದೀನಿ, ನನ್ನ ಮೂಗಿಗೆ ಮೋಸ ಆಗಲ್ಲ" ಎಂದ. ಪಾಂಡವಪುರದಲ್ಲಿ ಎಲ್ಲರಿಗೂ ಆ ಮೂಗು ನನ್ನದೆಂದೇ ಹೇಳಿಕೊಂಡು ಬಂದಿದ್ದೇನೆ. ಅವನು ಪಕ್ಕದಲ್ಲೇ ಲೋಟ ತೊಳೆಯುತ್ತಾ ಕೇಳಿಸಿಕೊಂಡಿದ್ದಾನೆ, ಒಮ್ಮೆಯೂ ಎದುರು ಹೇಳಿಲ್ಲ.

ಅವನ ಟೀ ಬಿಸಿನೀರು ಎಂದದ್ದು ಮಾತ್ರ ನಿಜ. ಕಟ್ಟಿದ್ದು ಒಂದೇ ಎಂದು ಮೊದಲೇ ಹೇಳಿದ್ದೇನೆ.